ಆಜ್ಞೆ ಮತ್ತು ಪಾಲನೆ: ಪ್ರಕ್ರಿಯಾ ನಿಯಂತ್ರಣದಲ್ಲಿ ಆಕ್ಚುಯೇಟರ್‌ನ ಚರಿತ್ರೆ

ಕಾರ್ಖಾನೆಯ ನಿಯಂತ್ರಣ ವ್ಯವಸ್ಥೆಯಲ್ಲಿ ಅಳೆಯುವುದು ಸಂವೇದಕ, ತೀರ್ಮಾನಿಸುವುದು ಕಂಟ್ರೋಲರ್, ಕೆಲಸ ಮಾಡುವುದು ಆಕ್ಚುಯೇಟರ್. ಬಂದ ಸಂಕೇತಕ್ಕೆ ತಕ್ಕಷ್ಟು ವಾಲ್ವ್ ತೆರೆಯುವ ಈ ಮೂರನೆಯ ಅಂಗದ ಬೆಳವಣಿಗೆಯ ಹಿಂದೆ ಎರಡು ಪ್ರಶ್ನೆಗಳಿವೆ. ವಾಲ್ವ್ ಸರಿಸುವ ಬಲ ಎಲ್ಲಿಂದ ಬರಬೇಕು? ಸರಿಸೆಂದು ಹೇಳಿದ್ದು ನಿಜಕ್ಕೂ ಸರಿಯಿತೆಂದು ತಿಳಿಯುವುದು ಹೇಗೆ? ಮೊದಲನೆಯದಕ್ಕೆ ಹತ್ತೊಂಬತ್ತನೆಯ ಶತಮಾನ ಉತ್ತರ ಕಂಡುಕೊಂಡಿತು. ಎರಡನೆಯದು ಇಪ್ಪತ್ತನೆಯ ಶತಮಾನವನ್ನು ಕಾಡಿತು ಎಂಬುದು ಈ ಲೇಖನದ ವಾದ.

ಬಲದ ಪ್ರಶ್ನೆ

1788ರಲ್ಲಿ ಜೇಮ್ಸ್ ವಾಟ್ ಉಗಿಯಂತ್ರಕ್ಕೆ ಅಳವಡಿಸಿದ ಗವರ್ನರ್‌ನಲ್ಲಿ ಅಳೆಯುವುದೂ ದುಡಿಯುವುದೂ ಒಂದೇ ಅಂಗ. ವೇಗ ಏರಿದಂತೆ ಹೊರಚಾಚುವ ಗುಂಡುಗಳೇ ಸನ್ನೆಕೋಲಿನ ಮೂಲಕ ಉಗಿಯ ದಾರಿಯನ್ನು ಕಿರಿದಾಗಿಸುತ್ತಿದ್ದವು. ಹಗುರವಾದ ಥ್ರಾಟಲ್‌ಗೆ ಅಷ್ಟು ಬಲ ಸಾಕು. ದೊಡ್ಡ ಹಡಗಿನ ಚುಕ್ಕಾಣಿಗೆ ಸಾಲದು. ಫ್ರಾನ್ಸಿನ ಜೋಸೆಫ್ ಫಾರ್ಕೊ ‘ಸರ್ವೊಮೋಟರ್’ ಕುರಿತು 1873ರಲ್ಲಿ ಗ್ರಂಥವನ್ನೇ ಬರೆದ. ಅವನ ಏರ್ಪಾಡಿನಲ್ಲಿ ಕೈ ಸಣ್ಣದೊಂದು ವಾಲ್ವನ್ನಷ್ಟೇ ಸರಿಸುತ್ತದೆ. ಉಗಿ ಪಿಸ್ಟನ್ನನ್ನು ನೂಕುತ್ತದೆ. ಕೈ ಸೂಚಿಸಿದ ಸ್ಥಾನ ತಲುಪಿದೊಡನೆ ಪಿಸ್ಟನ್ ಆ ವಾಲ್ವನ್ನು ತಾನೇ ಮುಚ್ಚಿಸಿ ನಿಲ್ಲುತ್ತದೆ. ಆಜ್ಞೆ ಕೊಡುವವನಿಗೆ ಇನ್ನು ಬಲ ಬೇಕಿರಲಿಲ್ಲ.

ಗಾಳಿಯ ಭಾಷೆ

ಇಪ್ಪತ್ತನೆಯ ಶತಮಾನದ ತೈಲ ಶುದ್ಧೀಕರಣಾಗಾರಗಳು ಒತ್ತಡದ ಗಾಳಿಯನ್ನು ನೆಚ್ಚಿಕೊಂಡವು. ಗಾಳಿಯಿಂದ ಕಿಡಿ ಹಾರುವ ಭಯವಿಲ್ಲ. ಚದರ ಅಂಗುಲಕ್ಕೆ 3ರಿಂದ 15 ಪೌಂಡ್ ಒತ್ತಡವೇ ಸಂಕೇತದ ಭಾಷೆಯಾಯಿತು. ಲೆಕ್ಕ ಸೊನ್ನೆಯ ಬದಲು 3ರಿಂದ ಶುರುವಾಗುವುದರಿಂದ, ಕೊಳವೆ ಒಡೆದು ಒತ್ತಡ ಸೊನ್ನೆಗಿಳಿದರೆ ಅದು ಸಂಕೇತವಲ್ಲ, ದೋಷವೆಂದು ಕೂಡಲೇ ತಿಳಿಯುತ್ತದೆ. ಮುಂದೆ ಬಂದ 4–20 ಮಿಲಿಆಂಪಿಯರ್ ವಿದ್ಯುತ್ ಸಂಕೇತವೂ ಇದೇ ಜಾಣ್ಮೆಯನ್ನು ಉಳಿಸಿಕೊಂಡಿತು.

ಒಂದು ಮಗ್ಗುಲಿಂದ ಗಾಳಿ ರಬ್ಬರಿನ ಡಯಾಫ್ರಮ್ಮನ್ನು ಒತ್ತಿದರೆ ಇನ್ನೊಂದು ಮಗ್ಗುಲಿಂದ ಸ್ಪ್ರಿಂಗ್ ತಡೆಯುತ್ತದೆ. ಎರಡೂ ಸಮವಾದಲ್ಲಿ ವಾಲ್ವಿನ ದಂಡ ನಿಲ್ಲುತ್ತದೆ. 100 ಚದರ ಅಂಗುಲದ ಡಯಾಫ್ರಮ್ಮಿನ ಮೇಲೆ 15 ಪೌಂಡ್ ಒತ್ತಡ ಬಿದ್ದರೆ 1500 ಪೌಂಡ್ ಬಲ. ಗಾಳಿ ಕೈಕೊಟ್ಟಾಗ ಸ್ಪ್ರಿಂಗ್ ವಾಲ್ವನ್ನು ಸುರಕ್ಷಿತ ಸ್ಥಾನಕ್ಕೆ ಒಯ್ಯುತ್ತದೆ: ಬಾಯ್ಲರಿನ ಇಂಧನ ನಿಲ್ಲಬೇಕು, ತಂಪು ನೀರು ಹರಿಯಬೇಕು.

ಪಾಲನೆಯ ಪ್ರಶ್ನೆ

ದಂಡದ ಸುತ್ತ ಸೋರಿಕೆ ತಡೆಯಲು ಬಿಗಿದ ಪ್ಯಾಕಿಂಗ್ ಈ ಲೆಕ್ಕವನ್ನು ಕೆಡಿಸುತ್ತಿತ್ತು. ಸಂಕೇತ ತುಸು ಬದಲಾದರೆ ದಂಡ ಅಲುಗದು. ಅಲುಗಿದಾಗ ಮಿತಿ ಮೀರಿ ಜಿಗಿಯುವುದು. ಪೊಸಿಷನರ್ ಇದಕ್ಕೆ ಮದ್ದು. ಅದು ದಂಡದ ಸ್ಥಾನವನ್ನು ಸಂಕೇತದೊಡನೆ ಹೋಲಿಸಿ, ಎರಡೂ ಹೊಂದುವವರೆಗೆ ಗಾಳಿಯನ್ನು ಹೆಚ್ಚಿಸುತ್ತದೆ ಇಲ್ಲವೇ ಇಳಿಸುತ್ತದೆ. ಫಾರ್ಕೊನ ಪಿಸ್ಟನ್ ಮಾಡುತ್ತಿದ್ದುದೂ ಮೂಲತಃ ಇದನ್ನೇ.

ಆಜ್ಞೆಯನ್ನೇ ಪಾಲನೆಯೆಂದು ನಂಬಿದರೆ ಏನಾಗುತ್ತದೆಂಬುದಕ್ಕೆ 1979ರ ಮಾರ್ಚ್ 28ರಂದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ನಡೆದ ತ್ರೀ ಮೈಲ್ ಐಲ್ಯಾಂಡ್ ಪರಮಾಣು ಸ್ಥಾವರದ ಅಪಘಾತವೇ ಸಾಕ್ಷಿ. ಒತ್ತಡ ಇಳಿಸಲು ತೆರೆದ ವಾಲ್ವ್ ಮತ್ತೆ ಮುಚ್ಚಲಿಲ್ಲ. ನಿಯಂತ್ರಣ ಕೊಠಡಿಯ ದೀಪ ತಿಳಿಸುತ್ತಿದ್ದುದು ವಾಲ್ವ್ ತೆರೆಸುವ ವಿದ್ಯುತ್ಕಾಂತವಾದ ಸೊಲೆನಾಯ್ಡ್‌ಗೆ ವಿದ್ಯುತ್ ಕಡಿದಿದೆ ಎಂಬುದನ್ನಷ್ಟೇ. ವಾಲ್ವ್ ಮುಚ್ಚಿದೆಯೆಂದೇ ಸಿಬ್ಬಂದಿ ಭಾವಿಸಿದರು. ಎರಡು ಗಂಟೆಗೂ ಹೆಚ್ಚು ಕಾಲ ಶೀತಕ ಸೋರಿ, ರಿಯಾಕ್ಟರಿನ ಗರ್ಭ ಭಾಗಶಃ ಕರಗಿತು.

ಇಂದಿನ ಡಿಜಿಟಲ್ ಪೊಸಿಷನರ್ ದಂಡದ ಸ್ಥಾನವನ್ನು ಸಂಕೇತ ಬಂದ ತಂತಿಯಲ್ಲೇ ಮರಳಿ ವರದಿ ಮಾಡಬಲ್ಲದು. ಆದರೆ ಅದು ಕಾಣುವುದು ದಂಡವನ್ನು ಮಾತ್ರ. ತುದಿಯ ಪ್ಲಗ್ ಕಳಚಿಬಿದ್ದಿದ್ದರೂ ದಂಡ ಸರಿಯಾಗಿಯೇ ಸರಿಯುತ್ತಿರುತ್ತದೆ. ಆಗ ನಿಜ ಹೇಳುವುದು ಕೊಳವೆಯೊಳಗಿನ ಹರಿವನ್ನು ಅಳೆಯುವ ಬೇರೊಂದು ಮೀಟರ್.