ವೈಕಿಂಗ್ ಯಾವ ಜಾತಿ? ಪಾಳೇಗಾರ ಯಾರು?

ಹೋದ ವಾರ ನಮ್ ತಮ್ಮ ಮೊಬೈಲಲ್ಲಿ ವೈಕಿಂಗ್ಸ್ ಸೀರೀಸ್ ನೋಡ್ತಾ ಇದ್ದವನು ತಲೆಯೆತ್ತಿ ಕೇಳ್ದ: ‘ವೈಕಿಂಗ್ ಅಂದ್ರೆ ಯಾವ ಜಾತಿ?’ ನಗು ಬಂತು. ಆದ್ರೆ ಪ್ರಶ್ನೆ ದಡ್ಡತನದ್ದಲ್ಲ.

ಉತ್ತರ ಏನಂದ್ರೆ, ಅದು ಜಾತಿಯಲ್ಲ, ಕೆಲಸ. ಹಳೆಯ ನಾರ್ಸ್ ಭಾಷೆಯಲ್ಲಿ ‘ವೈಕಿಂಗ್ ಹೋಗೋದು’ ಅಂದ್ರೆ ಹಡಗು ಹತ್ತಿ ಕೊಳ್ಳೆಗೆ ಹೋಗೋದು. ಮನೆಗೆ ಬಂದ ಮೇಲೆ ಅದೇ ಮನುಷ್ಯ ರೈತ. ಕ್ರಿ.ಶ. 793ರಲ್ಲಿ ಇಂಗ್ಲೆಂಡಿನ ಲಿಂಡಿಸ್ಫಾರ್ನ್ ಮಠ ಲೂಟಿಯಾದ ಕಾಲದ ಬರಹಗಾರರು ಅವರನ್ನು ಹೆಚ್ಚಾಗಿ ಕರೆದದ್ದು ಡೇನರು ಅಂತ, ಇಲ್ಲಾ ವಿಧರ್ಮಿಗಳು ಅಂತ. ಒಂದಿಡೀ ಜನಾಂಗಕ್ಕೆ ‘ವೈಕಿಂಗ್’ ಅನ್ನೋ ಹಣೆಪಟ್ಟಿ ಅಂಟಿದ್ದು 19ನೇ ಶತಮಾನದಲ್ಲಿ. ಕೊಂಬಿನ ಟೋಪಿನೂ ಅಷ್ಟೇ, 1876ರ ಒಂದು ಜರ್ಮನ್ ಒಪೆರಾದ ವೇಷಭೂಷಣ!

ಪದದ ಮೂಲದ ಬಗ್ಗೆ ಜಗಳ ಇನ್ನೂ ಮುಗಿದಿಲ್ಲ. ‘ವಿಕ್’ ಅಂದ್ರೆ ಕೊಲ್ಲಿ, ಕೊಲ್ಲಿಯವನೇ ವೈಕಿಂಗ್ ಅನ್ನೋದು ಒಂದು ವಾದ. ಇನ್ನೊಂದು ನನಗೆ ಹೆಚ್ಚು ಹಿಡಿಸಿದ್ದು: ಹಳೆಯ ಇಂಗ್ಲಿಷಿನ ‘ವೀಕ್’, ಅಂದ್ರೆ ತಾತ್ಕಾಲಿಕ ಬಿಡಾರ. ಬಿಡಾರ ಹೂಡಿ ದಾಳಿ ಮಾಡುವವನು ವೈಕಿಂಗ್.

ಇದನ್ನು ಓದಿದಾಗ ನನಗೆ ಥಟ್ಟನೆ ನೆನಪಾದದ್ದು ನಮ್ಮ ಕೊಳ್ಳೇಗಾಲ ತಾಲ್ಲೂಕಿನ ಪಾಳ್ಯ. ಪಾಳೆಯ ಅಂದ್ರೆ ಸೈನ್ಯದ ಬಿಡಾರ. ಅದು ಸವೆದು ಪಾಳ್ಯ ಆಯ್ತು, ಊರಿನ ಹೆಸರಾಯ್ತು. ಆ ಪಾಳೆಯದ ಒಡೆಯನೇ ಪಾಳೆಯಗಾರ, ನಮ್ಮ ಬಾಯಲ್ಲಿ ಪಾಳೇಗಾರ. ಇದೂ ಜಾತಿಯಲ್ಲ. ದೊರೆಯಿಂದ ಸೀಮೆ ಪಡೆದು, ಕಪ್ಪ ಕಟ್ಟಿ, ಯುದ್ಧ ಬಂದಾಗ ದಂಡು ತರುವವನು. ಬಿಕಾಂ ಓದಿದ ನನ್ನ ಲೆಕ್ಕದಲ್ಲಿ ಒಂಥರಾ ಫ್ರಾಂಚೈಸಿ.

ಫ್ರಾಂಚೈಸಿ ತಿರುಗಿಬೀಳೋದೂ ಉಂಟು. ಯಳಂದೂರಿಗೆ ಹತ್ತಿರದ ಉಮ್ಮತ್ತೂರಿನ ಗಂಗರಾಜ ವಿಜಯನಗರಕ್ಕೇ ಸವಾಲು ಹಾಕಿದ. 1509ರಲ್ಲಿ ಪಟ್ಟಕ್ಕೆ ಬಂದ ಕೃಷ್ಣದೇವರಾಯ ಮೊದಮೊದಲು ದಂಡೆತ್ತಿ ಬಂದವರಲ್ಲಿ ಇವನೂ ಒಬ್ಬ. ಶಿವನಸಮುದ್ರದ ಕೋಟೆ ಬಿತ್ತು, ಗಂಗರಾಜ ಕಾವೇರಿಯಲ್ಲಿ ಮುಳುಗಿ ಸತ್ತ. ಭರಚುಕ್ಕಿ ನೋಡೋಕೆ ಹೋದಾಗ ನಾವ್ಯಾರೂ ಅವನನ್ನ ನೆನೆಯಲ್ಲ, ಸೆಲ್ಫಿ ತಗೊಂಡು ಬರ್ತೀವಿ.

ಮುಂದೆ ಬ್ರಿಟಿಷರ ಕಾಗದದಲ್ಲಿ ಇದೇ ಪದ ‘ಪಾಲಿಗಾರ್’ ಆಯ್ತು, ಅರ್ಥ ಹೆಚ್ಚುಕಡಿಮೆ ಬಂಡುಕೋರ. 1799ರ ಅಕ್ಟೋಬರಿನಲ್ಲಿ ಅವರು ಪಾಂಚಾಲಂಕುರಿಚಿಯ ಕಟ್ಟಬೊಮ್ಮನ್‌ನನ್ನು ಗಲ್ಲಿಗೇರಿಸಿದರು. ತಮಿಳರಿಗೆ ಆತ ಹುತಾತ್ಮ, ಪಾಳೆಯಕ್ಕಾರರ್ ಅನ್ನೋದು ಹೆಮ್ಮೆಯ ಮಾತು. ನಮ್ಮಲ್ಲಿ? ಚಿತ್ರದುರ್ಗದ ಮದಕರಿ ನಾಯಕ ಅಂದ್ರೆ ಹೆಮ್ಮೆ, ಆದ್ರೆ ಪೇಪರ್‌ನಲ್ಲಿ ‘ಪಾಳೇಗಾರಿಕೆ’ ಅಂತ ಬಂದ್ರೆ ದಬ್ಬಾಳಿಕೆ, ಬೈಗುಳ.

ನಮ್ಮ ಮೂರು ಊರು ಈ ಎರಡೂ ಅರ್ಥಗಳ ಗಡಿಯಲ್ಲೇ ಇದ್ವು. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ, ಹನೂರು ಮದ್ರಾಸಿನ ಕೊಯಮತ್ತೂರು ಜಿಲ್ಲೆ. ಪಕ್ಕದ ಯಳಂದೂರು ಮೈಸೂರಿನದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಿಕ್ಕಿದ್ದು. ಹನೂರು ಕಡೆಯ ನಮ್ಮಜ್ಜಿಗೆ ಇವ್ಯಾವುದೂ ಗೊತ್ತಿರ್ಲಿಲ್ಲ. ನಾನು ಊಟಕ್ಕೆ ಕೂತು ಕೂತಲ್ಲಿಂದಲೇ ನೀರು ಕೇಳಿದ್ರೆ ಅಂತಿದ್ರು: ‘ಬಂದ ನೋಡವ್ವ, ಪಾಳೇಗಾರ. ಎದ್ದು ಬಗ್ಗಿಸ್ಕೊ.’