ಬುರುಡೆಯಿಂದ ಟ್ಯೂಬಿಗೆ: ಜತ್ತ ಸೀಮೆಯ ನೀರು ಮತ್ತು ಒಂಟಿ ಮೀನುಗಾರನ ತೇಲುಸಾಧನ

ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಹೆಸರು ಬರಗಾಲದ ಇತಿಹಾಸದಲ್ಲಿ ಮತ್ತೆ ಮತ್ತೆ ಕಾಣಿಸುತ್ತದೆ. ಮೀನುಗಾರಿಕೆಯ ಇತಿಹಾಸದಲ್ಲಿ ಕಾಣಿಸುವುದು ಅಪರೂಪ. ದಕ್ಷಿಣಕ್ಕೆ ಕೃಷ್ಣೆ, ಉತ್ತರಕ್ಕೆ ಭೀಮೆ ಹರಿದರೂ ಅವುಗಳ ನಡುವಣ ಈ ಎತ್ತರದ ನೆಲಕ್ಕೆ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಇಲ್ಲಿ ಹುಟ್ಟಿ ವಿಜಯಪುರ ಜಿಲ್ಲೆಯನ್ನು ಹಾದು ಕೃಷ್ಣೆಯನ್ನು ಸೇರುವ ಡೋಣಿಯೂ ಮಳೆಯನ್ನೇ ನೆಚ್ಚಿದ ನದಿ. ಕನ್ನಡದಲ್ಲಿ ‘ದೋಣಿ’ ಎಂಬುದಕ್ಕೆ ನಾವೆ ಎಂಬ ಅರ್ಥವಿರುವಂತೆ ದನಕರುಗಳು ನೀರು ಕುಡಿಯುವ ತೊಟ್ಟಿ ಎಂಬ ಅರ್ಥವೂ ಉಂಟು. ಜತ್ತದಂತಹ ಒಣಸೀಮೆಗೆ ಎರಡನೆಯ ಅರ್ಥವೇ ಹೆಚ್ಚು ಹತ್ತಿರದ್ದು. ಇಂತಹ ನೆಲಕ್ಕೆ ನಿಂತ ನೀರು ತಡವಾಗಿ ಬಂದಾಗ, ಅದರ ಮೇಲೆ ತೇಲುವ ಸಾಧನವೂ ಅದನ್ನು ಹೆಸರಿಸುವ ಮಾತುಗಳೂ ಎಲ್ಲಿಂದ ಬಂದವು ಎಂಬುದು ವಿಚಾರಾರ್ಹ.

ನೆರೆಯ ನದೀಕಣಿವೆಗಳಲ್ಲಿ ಈ ಸಾಧನದ ಪರಂಪರೆ ದೀರ್ಘವಾದುದು. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಯ ಬಳಿ ಬುಟ್ಟಿಯಂತೆ ದುಂಡಗಿರುವ, ಹೊರಗೆ ಚರ್ಮ ಹೊದಿಸಿದ ಹರಿಗೋಲುಗಳನ್ನು ವರ್ಣಿಸಿದ್ದಾನೆ. ಒಂದೊಂದರಲ್ಲಿ ಹದಿನೈದಿಪ್ಪತ್ತು ಜನ ದಾಟುತ್ತಿದ್ದರು. ಆದರೆ ಹರಿಗೋಲು ಹಲವರ ವಾಹನ. ಒಬ್ಬನೇ ನೀರಿಗಿಳಿಯುವಾಗ ನೆರವಾದುದು ಒಣಗಿದ ಸೋರೆಬುರುಡೆ. ಅದು ಕೇವಲ ಗತಕಾಲದ ವಸ್ತುವಲ್ಲ. 2013ರ ಜುಲೈ ತಿಂಗಳ ಕೊನೆಯಲ್ಲಿ, ಯಾದಗಿರಿ ಜಿಲ್ಲೆಯ ನೀಲಕಂಠರಾಯನಗಡ್ಡಿಯ ತುಂಬುಗರ್ಭಿಣಿಯೊಬ್ಬಳು ಆಸ್ಪತ್ರೆ ಇರುವ ದಡವನ್ನು ಸೇರಲು ಬುರುಡೆಗಳನ್ನು ಮೈಗೆ ಕಟ್ಟಿಕೊಂಡು ಪ್ರವಾಹದ ಕೃಷ್ಣೆಯನ್ನು ಈಜಿ ದಾಟಿದ ಸಂಗತಿ ದೇಶವಿದೇಶಗಳಲ್ಲಿ ವರದಿಯಾಯಿತು.

ಜಗತ್ತಿನ ಇತರ ಭಾಗಗಳಲ್ಲಿ ಇದೇ ಕೆಲಸವನ್ನು ಗಾಳಿ ತುಂಬಿದ ತೊಗಲು ಮಾಡಿತು. ಕ್ರಿ.ಪೂ. 9ನೆಯ ಶತಮಾನದ ಅಸ್ಸೀರಿಯಾದ ಉಬ್ಬುಶಿಲ್ಪಗಳಲ್ಲಿ ಸೈನಿಕರು ಉಬ್ಬಿದ ತೊಗಲನ್ನು ತಬ್ಬಿ ನದಿಯನ್ನು ಈಜುತ್ತಿದ್ದಾರೆ. ಹಿಮಾಲಯದ ಸಟ್ಲೆಜ್ ನದಿಯಲ್ಲಿ ಕೋಣ-ಎತ್ತುಗಳ ತೊಗಲಿನ ಮೇಲೆ ಜನರನ್ನು ದಾಟಿಸುತ್ತಿದ್ದರು. ಮದರಾಸು ಪ್ರಾಂತದ ಮೀನುಗಾರಿಕೆ ಇಲಾಖೆಯಲ್ಲಿದ್ದ ಜೇಮ್ಸ್ ಹಾರ್ನೆಲ್, 1946ರಲ್ಲಿ ಪ್ರಕಟವಾದ ತನ್ನ ಜಲಸಾರಿಗೆಯ ಇತಿಹಾಸವನ್ನು ಹಡಗಿನಿಂದಲ್ಲದೆ ಇಂತಹ ತೇಲುಗಳಿಂದಲೇ ಆರಂಭಿಸಿದ್ದು ಅರ್ಥಪೂರ್ಣವಾಗಿದೆ.

ಜತ್ತದಲ್ಲಿ ಈ ಸಾಧನಕ್ಕೆ ಬೇಕಾದ ನೀರು ಇಪ್ಪತ್ತನೆಯ ಶತಮಾನದ ಕೊಡುಗೆ. 1948ರಲ್ಲಿ ಜತ್ತ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು; 1960ರಲ್ಲಿ ಮಹಾರಾಷ್ಟ್ರ ರೂಪುಗೊಂಡಾಗ ಪೂರ್ವಭಾಗದ ಕನ್ನಡ ಹಳ್ಳಿಗಳು ಆ ರಾಜ್ಯದಲ್ಲಿಯೇ ಉಳಿದವು. 1972ರ ಭೀಕರ ಬರದ ಕಾಲದಲ್ಲಿ ಮಹಾರಾಷ್ಟ್ರದ ಒಣಸೀಮೆಗಳಲ್ಲೆಲ್ಲ ಕೆರೆ-ಒಡ್ಡುಗಳ ಪರಿಹಾರ ಕಾಮಗಾರಿಗಳು ನಡೆದವು. ಸಂಖ ಮತ್ತು ದೊಡ್ಡನಾಲಾ ಈ ತಾಲೂಕಿನ ಮಧ್ಯಮ ನೀರಾವರಿ ಯೋಜನೆಗಳು. ‘ದೊಡ್ಡ’ ಎಂಬ ಕನ್ನಡ ಪದ ಮರಾಠಿ ಆಡಳಿತದ ಕಡತದಲ್ಲಿ ಯೋಜನೆಯ ಹೆಸರಾಗಿ ಉಳಿದಿದೆ. ನೀರಿಗೆ ಮೀನು ಬಂದುದಕ್ಕೂ ಪ್ರತ್ಯೇಕ ಚರಿತ್ರೆಯಿದೆ. ಕಾಟ್ಲಾ, ರೋಹು, ಮೃಗಾಲ್ ಜಾತಿಗಳು ನಿಂತ ನೀರಿನಲ್ಲಿ ತಾವಾಗಿ ಮರಿಮಾಡುವುದಿಲ್ಲ. 1957ರಲ್ಲಿ ಹೀರಾಲಾಲ್ ಚೌಧುರಿ ಒಡಿಶಾದಲ್ಲಿ ಚೋದಕದ್ರವ್ಯದ ಚುಚ್ಚುಮದ್ದಿನಿಂದ ಗೆಂಡೆಮೀನುಗಳ ಸಂತಾನೋತ್ಪತ್ತಿಯನ್ನು ಸಾಧಿಸಿದ ಮೇಲೆ, ದೂರದ ಒಳನಾಡಿನ ಕೆರೆಗಳಲ್ಲಿಯೂ ಮೀನುಮರಿ ಬಿಡುವುದು ಸುಲಭಸಾಧ್ಯವಾಯಿತು.

ಇಂತಹ ಹೊಸ ನೀರಿಗೆ ಹರಿಗೋಲಿನ ಕಸುಬುದಾರಿಕೆ ಬೇಕಾಗಲಿಲ್ಲ. ದಖ್ಖನಿನ ಕೆರೆ-ಜಲಾಶಯಗಳಲ್ಲಿ ಅದರ ಸ್ಥಾನವನ್ನು ಬಹುಮಟ್ಟಿಗೆ ಲಾರಿಯ ಹಳೆಯ ಟ್ಯೂಬು ಮತ್ತು ಥರ್ಮೋಕೋಲಿನ ತೆಪ್ಪ ತುಂಬಿವೆ. ಡನ್ಲಪ್ 1888ರಲ್ಲಿ ಸೈಕಲ್ಲಿಗಾಗಿ ರೂಪಿಸಿದ ಗಾಳಿಟೈರಿನ ಸಂತತಿಯಾದ ಟ್ಯೂಬು ರಸ್ತೆಗೆ ನಿರುಪಯುಕ್ತವಾದ ಮೇಲೆ ನೀರಿಗಿಳಿಯಿತು. ಕೊಂಡದ್ದು ಟ್ಯೂಬು ಮಾತ್ರ. ಉಳಿದುದೆಲ್ಲ ಮನೆಯಲ್ಲಿಯೇ ಸಿದ್ಧವಾಗುವಂತಹುದು. ನಡುವಿನ ಬಯಲಿಗೆ ಹಲಗೆಯನ್ನು ಬಿಗಿದರೆ ಇಲ್ಲವೇ ಮಂಚಕ್ಕೆ ನೇಯುವಂತೆ ಹಗ್ಗವನ್ನು ಹೆಣೆದರೆ ಅದು ಪೀಠ. ಕೆರೆಯಂಗಳದ ಜಾಲಿಮುಳ್ಳಿಗೆ ತಡೆಯಾಗಿ ಗೋಣಿತಟ್ಟಿನ ಸುತ್ತು. ಮೈ ತರಚದಂತೆ ಟ್ಯೂಬಿನ ಲೋಹದ ಮೂತಿಗೆ ಬಟ್ಟೆಯ ಕಟ್ಟು. ಕೈಗೊಂದರಂತೆ ಹಲಗೆಯ ತುಂಡು ಹಿಡಿದರೆ ಹುಟ್ಟು. ಹಗ್ಗದಿಂದ ಕಟ್ಟಿದ ಕಲ್ಲು ಲಂಗರು. ಬಲೆಯ ಮೇಲಂಚಿಗೆ ಹಳೆಯ ಚಪ್ಪಲಿಯ ತುಂಡೋ ಖಾಲಿ ಬಾಟಲಿಯೋ ಬೆಂಡು. ಪಾಶ್ಚಾತ್ಯ ದೇಶಗಳ ಹವ್ಯಾಸಿ ಗಾಳಗಾರರು ಟ್ಯೂಬಿಗೆ ಕ್ಯಾನ್ವಾಸಿನ ಪೀಠ ಹೊಲಿದು, ಕಾಲಿಗೆ ಈಜುರೆಕ್ಕೆ ತೊಟ್ಟು, ಕೈಗಳನ್ನು ಗಾಳದ ಕೋಲಿಗೆ ಬಿಟ್ಟುಕೊಂಡರು. ಬಲೆಯನ್ನು ಬಿಡಿಸುತ್ತ ಸಾಗಬೇಕಾದ ಇಲ್ಲಿನವನು ಮೈಯನ್ನು ನೀರಿನ ಮೇಲಿರಿಸಿ ಕೈಯಿಂದಲೇ ಮುಂದುವರಿಯುತ್ತಾನೆ. ಕೆಲಸದ ಸ್ವರೂಪವೇ ಸಾಧನದ ಸ್ವರೂಪವನ್ನು ನಿರ್ಧರಿಸಿದೆ.

ಬುರುಡೆಯಿಂದ ಟ್ಯೂಬಿಗೆ ಬಂದುದರಲ್ಲಿ ಲಾಭದಂತೆ ನಷ್ಟವೂ ಇದೆ. ಐದು ಲೀಟರ್ ಗಾತ್ರದ ಬುರುಡೆ ಐದು ಕಿಲೋ ಭಾರವನ್ನೂ ಪೂರ್ಣವಾಗಿ ಎತ್ತಲಾರದು. ಕತ್ತಿನವರೆಗೆ ಮುಳುಗಿದ ಈಜುಗಾರನಿಗೆ ಅಂತಹ ಎರಡು ಮೂರು ಸಾಕು. ಹೊರವ್ಯಾಸ ಒಂದು ಮೀಟರ್, ಕೊಳವೆಯ ದಪ್ಪ 25 ಸೆಂಟಿಮೀಟರ್ ಇರುವ ಟ್ಯೂಬು ಸುಮಾರು 115 ಲೀಟರ್ ನೀರನ್ನು ಸರಿಸಿ, ಕುಳಿತ ಮನುಷ್ಯನನ್ನು ಬಲೆಯೊಡನೆ ಹೊರಬಲ್ಲದು. ಆದರೆ ಬುರುಡೆಗಳಲ್ಲಿ ಒಂದು ಒಡೆದರೂ ಉಳಿದವು ಕೈಬಿಡುವುದಿಲ್ಲ. ಟ್ಯೂಬಿನಲ್ಲಿರುವುದು ಒಂದೇ ಗಾಳಿಕೋಶ. ನಡುನೀರಿನಲ್ಲಿ ಒಂದು ಮುಳ್ಳು ತಗುಲಿದರೆ ಆಸರೆಯೆಲ್ಲ ಒಮ್ಮೆಲೇ ಹೋಗುತ್ತದೆ. ಇಕ್ಕೆಲಗಳಲ್ಲಿ ಮುಚ್ಚಳ ಬಿಗಿದ ಎರಡು ಪ್ಲಾಸ್ಟಿಕ್ ಕ್ಯಾನುಗಳನ್ನು ಕಟ್ಟುವ ಸರಳ ಉಪಾಯವು ಬುರುಡೆಗಳ ಹಳೆಯ ವಿವೇಕವನ್ನೇ ಮರಳಿ ತರುತ್ತದೆ. ಜೀವರಕ್ಷಕ ಅಂಗಿಯಿಲ್ಲದೆ ನೀರಿಗಿಳಿಯುವವನಿಗೆ ಇದು ಪ್ರಾಣದ ಪ್ರಶ್ನೆ.

ಗಡಿನಾಡಿನ ಭಾಷಾ ಅಧ್ಯಯನಕ್ಕೆ ಈ ಬಿಡಿಭಾಗಗಳ ಹೆಸರುಗಳೇ ಆಕರ. ಕನ್ನಡದ ಗಾಳ ಮತ್ತು ಮರಾಠಿಯ ಗಳ, ಕನ್ನಡದ ಬೆಂಡು ಮತ್ತು ಮರಾಠಿಯ ಭೇಂಡ ಪರಸ್ಪರ ಹತ್ತಿರದಲ್ಲಿವೆ; ಹುಟ್ಟು ಮತ್ತು ವಲ್ಹೆ, ತೆಪ್ಪ ಮತ್ತು ತರಾಫಾ ದೂರ ನಿಲ್ಲುತ್ತವೆ. ಟ್ಯೂಬು ಎರಡಕ್ಕೂ ಸಮಾನವಾದ ಇಂಗ್ಲಿಷ್ ಸಾಲ. ಹೊಸ ನೀರಿನ ಜತ್ತದಲ್ಲಿ ಇವುಗಳಲ್ಲಿ ಯಾವುದನ್ನು ಯಾವ ಹಳ್ಳಿ ಆರಿಸಿಕೊಂಡಿತು ಎಂಬುದು ನೀರಾವರಿ ಕಡತಗಳಲ್ಲಿ ಸಿಗುವಂತಹುದಲ್ಲ. 2022ರಲ್ಲಿ ಈ ಹಳ್ಳಿಗಳ ಕುರಿತು ಎರಡು ರಾಜ್ಯಗಳ ನಡುವೆ ಮತ್ತೆ ಎದ್ದ ವಾದವಿವಾದದಲ್ಲಿಯೂ ಅದಕ್ಕೆ ಎಡೆಯಿರಲಿಲ್ಲ. ಟ್ಯೂಬಿಲ್ಲದ ಟೈರುಗಳು ಲಾರಿಗಳಿಗೂ ಬರುತ್ತಿರುವುದರಿಂದ ಈ ಸಾಧನದ ಅವಧಿಯೂ ದೀರ್ಘವಾಗಿರಲಾರದು. ಪೀಠ, ಹುಟ್ಟು, ಲಂಗರು, ಬೆಂಡುಗಳನ್ನು ಅಳತೆ, ಚಿತ್ರ ಮತ್ತು ಸ್ಥಳೀಯ ಹೆಸರುಗಳೊಡನೆ ದಾಖಲಿಸುವ ಕಾರ್ಯವು ಕೆರೆಯ ದಂಡೆಯಲ್ಲಿ, ಬಲೆ ಬಿಡಿಸುವವರ ಬಾಯಿಂದಲೇ ಆರಂಭವಾಗಬೇಕಾಗಿದೆ.