ಪ್ರತಿಕೂಲ ಸ್ವಾಧೀನ ಮತ್ತು ನ್ಯಾಯಾಲಯದ ಅಧಿಕಾರ ವ್ಯಾಪ್ತಿ

ಪ್ರತಿಕೂಲ ಸ್ವಾಧೀನ ಎಂದರೆ ಮತ್ತೊಬ್ಬರ ಒಡೆತನದ ಸ್ಥಿರಾಸ್ತಿಯನ್ನು ಮಾಲೀಕನ ಹಕ್ಕಿಗೆ ವಿರುದ್ಧವಾಗಿ, ಬಹಿರಂಗವಾಗಿ ಹಾಗೂ ನಿರಂತರವಾಗಿ ಕಾನೂನು ನಿಗದಿಪಡಿಸಿದ ಅವಧಿಯವರೆಗೆ ಅನುಭವಿಸುವುದು. ಭಾರತದಲ್ಲಿ ಇದಕ್ಕೆ 1963ರ ಕಾಲಪರಿಮಿತಿ ಅಧಿನಿಯಮವೇ ಆಧಾರ.

ಅವಧಿ
ಈ ಅಧಿನಿಯಮದ 65ನೇ ಅನುಚ್ಛೇದದಂತೆ ಖಾಸಗಿ ಆಸ್ತಿಯ ಮಾಲೀಕನು ಸ್ವಾಧೀನವು ಪ್ರತಿಕೂಲವಾದಂದಿನಿಂದ 12 ವರ್ಷಗಳೊಳಗೆ ದಾವೆ ಹೂಡಬೇಕು. ಸರ್ಕಾರಕ್ಕೆ 112ನೇ ಅನುಚ್ಛೇದದಡಿ 30 ವರ್ಷಗಳ ಅವಧಿಯಿದೆ. ಅವಧಿ ಮುಗಿದರೆ 27ನೇ ಪ್ರಕರಣದ ಪ್ರಕಾರ ಮಾಲೀಕನ ಹಕ್ಕೇ ನಶಿಸುತ್ತದೆ. ಅವನಿಗೆ ಪರಿಹಾರವೂ ದೊರೆಯದು.

ಯಾವ ನ್ಯಾಯಾಲಯ?
ಭೂಮಿಯ ಒಡೆತನವನ್ನು ನಿರ್ಣಯಿಸುವ ಅಧಿಕಾರ ಸಾಮಾನ್ಯವಾಗಿ ಸಿವಿಲ್ ನ್ಯಾಯಾಲಯಕ್ಕೆ ಸೇರಿದ್ದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 9ನೇ ಪ್ರಕರಣವು, ಕಾನೂನು ನಿಷೇಧಿಸಿರುವ ದಾವೆಗಳನ್ನು ಬಿಟ್ಟು, ಸಿವಿಲ್ ಸ್ವರೂಪದ ಎಲ್ಲ ದಾವೆಗಳ ವಿಚಾರಣೆಗೆ ಅವಕಾಶ ನೀಡುತ್ತದೆ. 16ನೇ ಪ್ರಕರಣದಂತೆ ಆಸ್ತಿಯಿರುವ ಸ್ಥಳದ ನ್ಯಾಯಾಲಯದಲ್ಲಿ ದಾವೆ ಹೂಡಬೇಕು. ಆಸ್ತಿಯು ಎರಡು ನ್ಯಾಯಾಲಯಗಳ ಸರಹದ್ದಿನಲ್ಲಿ ಹರಡಿದ್ದರೆ ಯಾವುದಾದರೊಂದರಲ್ಲಿ ಹೂಡಬಹುದು. ಅರ್ಹತೆಯುಳ್ಳ ಅತ್ಯಂತ ಕೆಳಹಂತದ ನ್ಯಾಯಾಲಯವನ್ನು ಆಸ್ತಿಯ ಮೌಲ್ಯ ನಿರ್ಧರಿಸುತ್ತದೆ.

ಕಂದಾಯ ಅಧಿಕಾರಿಗಳ ಪಾತ್ರ
ತಹಶೀಲ್ದಾರರು ಪಹಣಿ ಅಥವಾ ಖಾತೆಯಲ್ಲಿ ಹೆಸರು ಬದಲಿಸಿದ ಮಾತ್ರಕ್ಕೆ ಒಡೆತನ ಸಿದ್ಧಿಸದು. ಆ ದಾಖಲೆಗಳು ಸ್ವಾಧೀನಕ್ಕೆ ಸಾಕ್ಷ್ಯವಾಗಬಲ್ಲವು. ಕರ್ನಾಟಕದಲ್ಲಿ ವ್ಯಕ್ತಿಯೊಬ್ಬನು 1974ರ ಮಾರ್ಚ್ 1ಕ್ಕೆ ಮೊದಲಿನಿಂದ ಕೃಷಿಭೂಮಿಯ ಗೇಣಿದಾರನೇ ಎಂಬ ಪ್ರಶ್ನೆಯನ್ನು ಭೂಸುಧಾರಣಾ ಅಧಿನಿಯಮದ 133ನೇ ಪ್ರಕರಣವು ಸಿವಿಲ್ ನ್ಯಾಯಾಲಯದ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಗೇಣಿದಾರನ ಸ್ವಾಧೀನ ಒಡೆಯನ ಅನುಮತಿಯಿಂದ ಬಂದುದಾದ್ದರಿಂದ, ಅದು ತಾನಾಗಿ ಪ್ರತಿಕೂಲವಾಗುವುದಿಲ್ಲ.

ರುಜುವಾತಿನ ಹೊಣೆ
ಹಕ್ಕು ಕೋರುವವನೇ ಎಲ್ಲವನ್ನೂ ಸಾಬೀತುಪಡಿಸಬೇಕು. ಕರ್ನಾಟಕ ವಕ್ಫ್ ಮಂಡಳಿ ಮತ್ತು ಭಾರತ ಸರ್ಕಾರದ ನಡುವಣ ಪ್ರಕರಣದಲ್ಲಿ (2004) ಸರ್ವೋಚ್ಚ ನ್ಯಾಯಾಲಯವು, ಸ್ವಾಧೀನ ಯಾವಾಗ ಆರಂಭವಾಯಿತು, ಅದರ ಸ್ವರೂಪವೇನು, ಎದುರಾಳಿಗೆ ಅದು ತಿಳಿದಿತ್ತೇ ಎಂಬುದನ್ನು ಸ್ಪಷ್ಟವಾಗಿ ತಿಳಿಸಬೇಕೆಂದಿತು. ಸಹಮಾಲೀಕರಲ್ಲಿ ಒಬ್ಬನ ಸ್ವಾಧೀನ ಎಲ್ಲರ ಸ್ವಾಧೀನವೆಂದೇ ಭಾವಿಸಲಾಗುತ್ತದೆ. ಆದುದರಿಂದ ಅಣ್ಣ ಉಳುಮೆ ಮಾಡುತ್ತಿದ್ದ ಮಾತ್ರಕ್ಕೆ ತಂಗಿಯ ಪಾಲು ನಶಿಸದು. ಆಕೆಯ ಹಕ್ಕನ್ನು ಬಹಿರಂಗವಾಗಿ ನಿರಾಕರಿಸಿದ್ದನ್ನು ತೋರಿಸಬೇಕು.

ವಾದಿಯ ಹಕ್ಕು
ಪ್ರತಿಕೂಲ ಸ್ವಾಧೀನವನ್ನು ಪ್ರತಿವಾದಿಯು ರಕ್ಷಣೆಗಾಗಿ ಮಾತ್ರ ಬಳಸಬಹುದೆಂಬ ನಿಲುವು ಹಿಂದೆ ಇತ್ತು. ರವೀಂದರ್ ಕೌರ್ ಗ್ರೇವಾಲ್ ಪ್ರಕರಣದಲ್ಲಿ (2019) ಸರ್ವೋಚ್ಚ ನ್ಯಾಯಾಲಯದ ತ್ರಿಸದಸ್ಯ ಪೀಠವು ಅದನ್ನು ತಳ್ಳಿಹಾಕಿ, ಅವಧಿ ಪೂರೈಸಿದವನು ವಾದಿಯಾಗಿಯೂ ದಾವೆ ಹೂಡಬಹುದೆಂದು ತೀರ್ಪಿತ್ತಿತು. ಸಾರ್ವಜನಿಕ ಉಪಯೋಗಕ್ಕೆ ಮೀಸಲಾದ ಭೂಮಿಯ ಮೇಲೆ ಇಂಥ ಹಕ್ಕು ಸಲ್ಲದಂತೆ ಶಾಸನ ತರುವುದು ಉಚಿತವೆಂದೂ ಅದೇ ತೀರ್ಪು ಅಭಿಪ್ರಾಯಪಟ್ಟಿದೆ.